ಮೈಸೂರಿನ ಅಗ್ನಿಬಾಣ: ಕೈಯಲ್ಲಿದ್ದ ವಿದ್ಯೆ ಎಲ್ಲಿಗೆ ಹೋಯಿತು?

ಕೊಪ್ಪಳದ ಕೋಟೆಯನ್ನು ನೀವು ನೋಡಿಯೇ ಇರುತ್ತೀರಿ. ಗಂಗಾವತಿಯಿಂದ ಬರಲಿ, ಕುಷ್ಟಗಿಯಿಂದ ಬರಲಿ, ಯಲಬುರ್ಗಾದಿಂದ ಬರಲಿ, ಊರು ಹತ್ತಿರವಾದಂತೆ ಗುಡ್ಡದ ಮೇಲಿನ ಆ ಕಲ್ಲಿನ ಗೋಡೆಗಳು ಕಣ್ಣಿಗೆ ಬೀಳುತ್ತವೆ. ಶಾಲೆಯಲ್ಲಿದ್ದಾಗ ಒಮ್ಮೆಯಾದರೂ ಗುರುಗಳ ಜೊತೆ ಹತ್ತಿದ್ದೇವೆ, ಮೇಲೆ ನಿಂತು ಊರನ್ನು ನೋಡಿದ್ದೇವೆ, ಬುತ್ತಿ ಬಿಚ್ಚಿ ಊಟ ಮಾಡಿ ಇಳಿದು ಬಂದಿದ್ದೇವೆ. ಆದರೆ ಆ ಗೋಡೆಗಳ ಹಿಂದಿನ ಇತಿಹಾಸವನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

1786ರಲ್ಲಿ ಟಿಪ್ಪು ಸುಲ್ತಾನರು ಈ ಕೋಟೆಯನ್ನು ಪಾಳೇಗಾರರಿಂದ ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರ್‌ಗಳ ನೆರವಿನಿಂದ ಮತ್ತೆ ಕಟ್ಟಿಸಿದರು. 1787ರ ಜನವರಿಯಲ್ಲಿ ಪಕ್ಕದ ಬಹದ್ದೂರಬಂಡಿಯ ಕೋಟೆಯೂ ಅವರ ಕೈಗೆ ಬಂತು. ಅದೇ ವರ್ಷ ಮರಾಠರು, ನಿಜಾಮರು ಮತ್ತು ಮೈಸೂರಿನವರ ನಡುವೆ ಸಂಧಿಯಾದದ್ದು ಕುಷ್ಟಗಿ, ಯಲಬುರ್ಗಾಗಳ ನೆರೆಯ ಗಜೇಂದ್ರಗಡದಲ್ಲಿ. ಮುಂದೆ 1790-91ರಲ್ಲಿ ಇಂಗ್ಲಿಷರ ಮತ್ತು ನಿಜಾಮರ ಕೂಡುಸೈನ್ಯ ಕೊಪ್ಪಳಕ್ಕೆ ಮುತ್ತಿಗೆ ಹಾಕಿದಾಗ ಕೋಟೆ ಸುಮಾರು ಆರು ತಿಂಗಳು ಬಗ್ಗಲಿಲ್ಲ. ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್ ಎಂಬ ಇಂಗ್ಲಿಷ್ ಅಧಿಕಾರಿ, ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಬಲವಾದದ್ದೆಂದು ಬರೆದಿಟ್ಟಿದ್ದಾನೆ. 1792ರ ಒಪ್ಪಂದದ ನಂತರ ನಮ್ಮ ಈ ಸೀಮೆ ನಿಜಾಮರ ಪಾಲಾಗಿ 1948ರವರೆಗೆ ಅವರ ಆಳ್ವಿಕೆಯಲ್ಲಿ ಉಳಿಯಿತು.

ಹೀಗೆ ಕೆಲವೇ ವರ್ಷ ನಮ್ಮ ಊರುಗಳು ಮೈಸೂರು ರಾಜ್ಯದ ಉತ್ತರದ ಗಡಿಯಾಗಿದ್ದವು. ಅದೇ ವರ್ಷಗಳಲ್ಲಿ ಅದೇ ರಾಜ್ಯದ ಕಮ್ಮಟಗಳಲ್ಲಿ ಒಂದು ಆಯುಧ ತಯಾರಾಗುತ್ತಿತ್ತು. ಇಂದು ಚಂದ್ರನವರೆಗೆ ನೌಕೆಯನ್ನು ಹೊತ್ತೊಯ್ಯುವ ರಾಕೆಟ್ಟಿನ ವಂಶಾವಳಿಯಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಹಾಗಾದರೆ ನಮ್ಮ ಕೈಯಲ್ಲಿದ್ದ ಆ ವಿದ್ಯೆ ಮುಂದಿನ ನೂರೈವತ್ತು ವರ್ಷ ಎಲ್ಲಿಗೆ ಹೋಗಿತ್ತು? ಯಾರ ಕೈಯಲ್ಲಿ ಬೆಳೆಯಿತು? ಈ ಲೇಖನದಲ್ಲಿ ಆ ದಾರಿಯನ್ನು ಒಟ್ಟಿಗೆ ನಡೆದು ನೋಡೋಣ.

ರಾಕೆಟ್ ಹೇಗೆ ಹಾರುತ್ತದೆ?

ಮೊದಲು ಒಂದು ಸಣ್ಣ ಪಾಠ. ಬಲೂನನ್ನು ಊದಿ ಬಾಯಿ ಕಟ್ಟದೆ ಬಿಟ್ಟರೆ ಏನಾಗುತ್ತದೆ? ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಓಡುತ್ತದೆ. ರಾಕೆಟ್ಟಿನ ಮೂಲ ತತ್ವ ಇಷ್ಟೇ. ಒಳಗೆ ಇಂಧನ ಉರಿದು ಬಿಸಿ ಅನಿಲವಾಗುತ್ತದೆ, ಆ ಅನಿಲ ಸಣ್ಣ ಬಾಯಿಯಿಂದ ಅತಿ ವೇಗದಲ್ಲಿ ಹಿಂದಕ್ಕೆ ಹೊರಬೀಳುತ್ತದೆ, ರಾಕೆಟ್ ಮುಂದಕ್ಕೆ ಹೋಗುತ್ತದೆ.

ಒಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲ ವೇಗವಾಗಿ ಹೊರಬೀಳುತ್ತದೆ, ರಾಕೆಟ್ ದೂರ ಹೋಗುತ್ತದೆ. ಆದರೆ ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಅಡುಗೆಮನೆಯ ಪ್ರೆಶರ್ ಕುಕ್ಕರ್ ಇಷ್ಟು ದಪ್ಪ ಏಕಿರುತ್ತದೆ ಎಂದು ಯೋಚಿಸಿದರೆ ಈ ಮಾತು ತಿಳಿಯುತ್ತದೆ. ಚೀನಾದವರು ಬಹಳ ಹಿಂದೆಯೇ ಮದ್ದಿನ ಬಾಣಗಳನ್ನು ಹಾರಿಸಿದ್ದರು. ಯುರೋಪಿನಲ್ಲಿಯೂ ಅವು ಇದ್ದವು. ಆದರೆ ಅವುಗಳ ಕೊಳವೆ ಕಾಗದದ್ದು, ರಟ್ಟಿನದ್ದು ಅಥವಾ ಬಿದಿರಿನದ್ದು. ಮದ್ದನ್ನು ಬಿಗಿಯಾಗಿ ತುಂಬಿದರೆ ಕೊಳವೆಯೇ ಸಿಡಿದುಹೋಗುತ್ತಿತ್ತು.

ಕಂಬಾರನ ಕುಲುಮೆಯಲ್ಲಿ ಸಿಕ್ಕ ಉತ್ತರ

ಈ ತೊಡಕಿಗೆ ಉತ್ತರ ಸಿಕ್ಕಿದ್ದು ಮೈಸೂರು ರಾಜ್ಯದ ಕಂಬಾರರ ಕುಲುಮೆಯಲ್ಲಿ. ಹೈದರ್ ಅಲಿಯವರ ಕಾಲದಲ್ಲಿ ಮೆತುಕಬ್ಬಿಣವನ್ನು ಸುತ್ತಿಗೆಯಿಂದ ಬಡಿದು ಕೊಳವೆ ಮಾಡಿ, ಅದರಲ್ಲಿ ಮದ್ದನ್ನು ಗಟ್ಟಿಯಾಗಿ ತುಂಬಿ, ಉದ್ದನೆಯ ಬಿದಿರು ಗಳಕ್ಕೆ ತೊಗಲಿನ ಪಟ್ಟಿಯಿಂದ ಕಟ್ಟಿದರು. ಗಳ ಬಾಣದ ಬಾಲದಂತೆ ಕೆಲಸ ಮಾಡಿ ಅದು ನೆಟ್ಟಗೆ ಹೋಗುವಂತೆ ಮಾಡುತ್ತಿತ್ತು. ಸೈನಿಕರು ಇದನ್ನು 'ಬಾಣ' ಎಂದೇ ಕರೆಯುತ್ತಿದ್ದರು.

ಲಂಡನ್ ಬಳಿಯ ವೂಲ್‌ವಿಚ್‌ಗೆ ಸೇರಿದ್ದ ಇಂತಹ ಎರಡು ಬಾಣಗಳ ಅಳತೆ ದಾಖಲೆಯಲ್ಲಿದೆ. ಒಂದರ ಕೊಳವೆ 10 ಅಂಗುಲ ಉದ್ದ, 2.3 ಅಂಗುಲ ದಪ್ಪ. ಅದನ್ನು ಮೂರು ಅಡಿಗೂ ಮೀರಿದ ಕತ್ತಿಯ ಅಲಗಿಗೆ ಕಟ್ಟಲಾಗಿತ್ತು. ಇನ್ನೊಂದರ ಕೊಳವೆ 7.8 ಅಂಗುಲ ಉದ್ದ, 1.5 ಅಂಗುಲ ದಪ್ಪ; ಅದರ ಬಿದಿರು ಆರು ಅಡಿಗೂ ಹೆಚ್ಚು. ನೋಡಲು ಸಣ್ಣ ವಸ್ತು. ಆದರೆ ಸಾವಿರ ಗಜದವರೆಗೆ ಹಾರುತ್ತಿತ್ತು, ಕೆಲವು ಅದಕ್ಕೂ ಮುಂದೆ ಹೋಗುತ್ತಿದ್ದವು. ಆ ಕಾಲದ ಯುರೋಪಿನಲ್ಲಿ ಇದಕ್ಕೆ ಸಮನಾದುದು ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ಇದು ಒಬ್ಬಿಬ್ಬರ ಕೈಚಳಕವಾಗಿ ಉಳಿಯಲಿಲ್ಲ. ಹೈದರರ ಸೈನ್ಯದಲ್ಲಿ ಸುಮಾರು 1200 ಜನ ಬಾಣಗಾರರಿದ್ದರೆ ಟಿಪ್ಪು ಸುಲ್ತಾನರ ಕಾಲಕ್ಕೆ ಆ ಸಂಖ್ಯೆ ಸುಮಾರು 5000ಕ್ಕೆ ಏರಿತು. 'ಫತ್‌ಹುಲ್ ಮುಜಾಹಿದೀನ್' ಎಂಬ ಅವರ ಸೈನಿಕ ಕೈಪಿಡಿಯಲ್ಲಿ ಪ್ರತಿ ದಳಕ್ಕೆ 200 ಬಾಣಗಾರರೆಂದು ಗೊತ್ತು ಮಾಡಲಾಗಿತ್ತು. ಕೊಳವೆಯ ದಪ್ಪವನ್ನೂ ಗುರಿಯ ದೂರವನ್ನೂ ನೋಡಿ ಬಾಣವನ್ನು ಯಾವ ಕೋನದಲ್ಲಿ ಹಿಡಿಯಬೇಕೆಂದು ಅವರಿಗೆ ತರಬೇತಿ ಇತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರಿನಲ್ಲಿ ತಾರಾಮಂಡಲಪೇಟೆಗಳೆಂಬ ಕಸುಬುದಾರರ ಕೇರಿಗಳಿದ್ದವು. ಬೆಂಗಳೂರಿನದು ಇಂದಿನ ಸಿಟಿ ಮಾರ್ಕೆಟ್ ಹತ್ತಿರದ ಜುಮ್ಮಾ ಮಸೀದಿಯ ಸುತ್ತಲಿನ ಪ್ರದೇಶ.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆ ಸೋತು ಸೆರೆಯಾಯಿತು. ಅವರ ಮದ್ದಿನ ಬಂಡಿಗಳು ಸಿಡಿದುಹೋದದ್ದು ಆ ಸೋಲಿಗೆ ದೊಡ್ಡ ಕಾರಣ, ಮೈಸೂರಿನ ಬಾಣಗಳೇ ಆ ಬೆಂಕಿ ಹಚ್ಚಿದವೆಂದು ಹೇಳಲಾಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ಈಗಲೂ ನೋಡಬಹುದು. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿನಲ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಆರ್ಥರ್ ವೆಲ್ಲೆಸ್ಲಿಯೇ ರಾತ್ರಿಯ ಕತ್ತಲಲ್ಲಿ ಬಾಣಗಳ ಮತ್ತು ಬಂದೂಕುಗಳ ಸುರಿಮಳೆಗೆ ಸಿಕ್ಕಿ ಹಿಮ್ಮೆಟ್ಟಬೇಕಾಯಿತು.

ಆದರೆ ಬಾಣ ಒಂದೇ ರಾಜ್ಯವನ್ನು ಉಳಿಸಲಿಲ್ಲ. 1799ರ ಮೇ 2ರಂದು ಶತ್ರುವಿನ ಗುಂಡು ಕೋಟೆಯೊಳಗೆ ಬಾಣಗಳನ್ನು ಕೂಡಿಟ್ಟಿದ್ದ ಉಗ್ರಾಣಕ್ಕೇ ಬಿದ್ದು ಭಾರಿ ಸ್ಫೋಟವಾಯಿತು. ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹೋರಾಡುತ್ತಲೇ ಮಡಿದರು. ಗೆದ್ದವರಿಗೆ ಒಳಗೆ 600 ಬಾಣ ಹಾರಿಸುವ ಸಾಧನಗಳು, 700 ಸಿದ್ಧ ಬಾಣಗಳು ಮತ್ತು ಮದ್ದು ತುಂಬದ 9000 ಕೊಳವೆಗಳು ಸಿಕ್ಕವು.

ವೂಲ್‌ವಿಚ್‌ನಲ್ಲಿ ಏನು ನಡೆಯಿತು?

ಪ್ರಿಯ ಓದುಗರೇ, ನಮ್ಮ ಕಥೆಯ ತಿರುವು ಇಲ್ಲಿದೆ. ಇಂಗ್ಲಿಷರು ಆ ಬಾಣಗಳನ್ನು ಗೆಲುವಿನ ಗುರುತೆಂದು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. ಹಲವನ್ನು ಹಡಗಿನಲ್ಲಿ ವೂಲ್‌ವಿಚ್‌ನ ಆಯುಧಾಗಾರಕ್ಕೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬವನು ಹೊಸ ಬಾಣಗಳನ್ನು ಮಾಡತೊಡಗಿದ. ಮದ್ದಿನ ಪ್ರಮಾಣ ಬದಲಿಸಿದ, ಕೊಳವೆಯ ಗಾತ್ರ ಬದಲಿಸಿದ, ಪ್ರತಿ ಸಲ ಹಾರಿಸಿ ದೂರವನ್ನು ಅಳೆದ, ಅಳೆದದ್ದನ್ನು ಬರೆದ, ಬರೆದದ್ದನ್ನು ಅಚ್ಚು ಹಾಕಿಸಿದ. ಮೊದಲು ಕಾಗದದ ಕೊಳವೆ ಬಳಸಿ ನೋಡಿ, ಕೊನೆಗೆ ಮೈಸೂರಿನವರಂತೆ ಕಬ್ಬಿಣಕ್ಕೇ ಬಂದ. ಅವನ 32 ಪೌಂಡಿನ ಬಾಣ ಸುಮಾರು 3000 ಗಜ ಹೋಗುತ್ತಿತ್ತು.

1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ, 1813ರಲ್ಲಿ ಲೀಪ್‌ಜಿಗ್ ಯುದ್ಧದಲ್ಲಿ ಈ ಬಾಣಗಳು ಹಾರಿದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದ ಬಾಣಗಳ ಕೆಂಪು ಬೆಳಕು ಆ ದೇಶದ ರಾಷ್ಟ್ರಗೀತೆಯಲ್ಲಿಯೇ ಸೇರಿಹೋಗಿದೆ. 1844ರಲ್ಲಿ ವಿಲಿಯಂ ಹೇಲ್ ಎಂಬವನು ಬಾಣವನ್ನು ತಿರುಗುತ್ತ ಹೋಗುವಂತೆ ಮಾಡಿ ಬಿದಿರು ಗಳದ ಅಗತ್ಯವನ್ನೇ ತೆಗೆದುಹಾಕಿದ.

ಇತ್ತ ನಮ್ಮ ತಾರಾಮಂಡಲಪೇಟೆಗಳಲ್ಲಿ ಏನಾಯಿತು? ಕೊಳ್ಳುವ ದೊರೆ ಇಲ್ಲದ ಮೇಲೆ ಕುಲುಮೆ ಆರಿತು. ವಿದ್ಯೆ ಇದ್ದದ್ದು ಕಸುಬುದಾರರ ಕೈಯಲ್ಲಿ, ಅಪ್ಪನಿಂದ ಮಗನಿಗೆ ಬಾಯಿಂದ ಬಾಯಿಗೆ. ನಮ್ಮ ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಬಣ್ಣದ ಗೊಂಬೆಯ ಕಲೆ ಹೇಗೆ ಮನೆತನದಲ್ಲಿಯೇ ಉಳಿದು ಬಂದಿದೆಯೋ ಹಾಗೆ. ಕಿನ್ನಾಳದ ಗೊಂಬೆಗೆ ಜಾತ್ರೆ, ಹಬ್ಬ, ಮನೆಗಳಿವೆ, ಆದ್ದರಿಂದ ಕಲೆ ಉಳಿಯಿತು. ಬಾಣಕ್ಕೆ ರಾಜ್ಯವೊಂದೇ ಆಸರೆ. ರಾಜ್ಯ ಹೋದಾಗ ವಿದ್ಯೆಯನ್ನು ಹಿಡಿದಿಡಲು ಒಂದು ಶಾಲೆ ಇರಲಿಲ್ಲ. ನಾವು ಸೋತದ್ದು ಜಾಣ್ಮೆಯಲ್ಲಿ ಅಲ್ಲ. ಅಳೆದು, ಬರೆದು, ಮುಂದಿನವರಿಗೆ ಕಲಿಸುವ ವ್ಯವಸ್ಥೆಯಲ್ಲಿ ಸೋತೆವು.

ಇಬ್ಬರು ಶಾಲಾ ಮಾಸ್ತರರು ಮತ್ತು ಒಬ್ಬ ಪ್ರಾಧ್ಯಾಪಕ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೋಪುಗಳು ಸುಧಾರಿಸಿದಂತೆ ಸೈನ್ಯಗಳು ಬಾಣವನ್ನು ಕೈಬಿಟ್ಟವು. ಅದನ್ನು ಮತ್ತೆ ಎತ್ತಿಕೊಂಡವರು ಶಿಕ್ಷಕರು. ಶಿಕ್ಷಣ ಸಂಸ್ಥೆಯ ಸಂಚಿಕೆಯಲ್ಲಿ ಈ ಮಾತನ್ನು ಹೇಳಲು ಹೆಮ್ಮೆ ಎನಿಸುತ್ತದೆ.

ರಷ್ಯಾದ ಕಲೂಗಾ ಎಂಬ ಸಣ್ಣ ಊರಿನ ಗಣಿತದ ಮಾಸ್ತರ ತ್ಸಿಯೋಲ್ಕೊವ್‌ಸ್ಕಿ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಕೇಳಿಸುತ್ತಿರಲಿಲ್ಲ, ಗ್ರಂಥಾಲಯದಲ್ಲಿ ಕುಳಿತು ತಾನೇ ಓದಿ ಕಲಿತವರು. 1903ರಲ್ಲಿ ಅವರು, ಮದ್ದಿನ ಬದಲು ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ ಉರಿಸಿದರೆ ರಾಕೆಟ್ ಭೂಮಿಯನ್ನೇ ಬಿಟ್ಟು ಹೋಗಬಲ್ಲದೆಂದು ಲೆಕ್ಕ ಹಾಕಿ ತೋರಿಸಿದರು. ಇನ್ನೊಬ್ಬರು ಟ್ರಾನ್ಸಿಲ್ವೇನಿಯಾದ ಹರ್ಮನ್ ಓಬರ್ತ್. ವಿಶ್ವವಿದ್ಯಾಲಯ ಅವರ ಪ್ರಬಂಧವನ್ನು ಒಪ್ಪಲಿಲ್ಲ. 1923ರಲ್ಲಿ ಅವರು ಅದನ್ನೇ ಪುಸ್ತಕವಾಗಿ ಪ್ರಕಟಿಸಿದರು, ಮುಂದೆ ಊರಿನ ಶಾಲೆಯಲ್ಲಿ ಪಾಠ ಹೇಳುತ್ತ ಸಂಶೋಧನೆ ಮುಂದುವರಿಸಿದರು. ಮೂರನೆಯವರು ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಗೊಡ್ಡಾರ್ಡ್. 1926ರ ಮಾರ್ಚ್ 16ರಂದು ಪೆಟ್ರೋಲು ಮತ್ತು ದ್ರವ ಆಮ್ಲಜನಕದ ಮೊದಲ ರಾಕೆಟ್ಟನ್ನು ಒಂದು ಹೊಲದಲ್ಲಿ ಹಾರಿಸಿದರು. ಅದು ಎರಡೂವರೆ ಸೆಕೆಂಡು ಹಾರಿ, 41 ಅಡಿ ಎತ್ತರಕ್ಕೆ ಹೋಗಿ, ಕೋಸಿನ ಮಡಿಯಲ್ಲಿ ಬಿತ್ತು. ನಕ್ಕವರು ನಕ್ಕರು. ದ್ರವ ಇಂಧನದ ಎಂಜಿನ್ ಹುಟ್ಟಿದ್ದು ಮಾತ್ರ ಅಂದೇ.

ಎರಡನೆಯ ಮಹಾಯುದ್ಧದ ಎಂಜಿನ್‌ಗಳು

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ದೊಡ್ಡ ತೋಪುಗಳನ್ನು ಮಾಡಬಾರದೆಂದು ವರ್ಸೇಲ್ಸ್ ಒಪ್ಪಂದ ಕಟ್ಟು ಹಾಕಿತ್ತು. ರಾಕೆಟ್ಟಿನ ಮಾತು ಅದರಲ್ಲಿ ಇರಲಿಲ್ಲ. ಜರ್ಮನ್ ಸೈನ್ಯ ಈ ಸಂದಿಯನ್ನು ಕಂಡುಕೊಂಡಿತು. ಓಬರ್ತ್ ಅವರ ಜೊತೆ ಕೆಲಸ ಮಾಡಿದ್ದ ವರ್ನರ್ ಫಾನ್ ಬ್ರೌನ್ ಎಂಬ ತರುಣನನ್ನು 1932ರಲ್ಲಿ ಸೇರಿಸಿಕೊಂಡಿತು. ಬಾಲ್ಟಿಕ್ ಸಮುದ್ರದ ದಡದ ಪೀನೆಮುಂಡೆಯಲ್ಲಿ ಅವನ ತಂಡ ಕಟ್ಟಿದ ವಿ-2 ಕ್ಷಿಪಣಿ 1942ರ ಅಕ್ಟೋಬರ್ 3ರಂದು ಮೊದಲ ಸಲ ಯಶಸ್ವಿಯಾಗಿ ಹಾರಿತು.

ಆ ಎಂಜಿನ್ ಹೇಗಿತ್ತು? ನೀರು ಬೆರೆಸಿದ ಆಲ್ಕೋಹಾಲು ಇಂಧನ, ಜೊತೆಗೆ ದ್ರವ ಆಮ್ಲಜನಕ. ಎರಡೂ ಸೇರಿ ಸೆಕೆಂಡಿಗೆ ಸುಮಾರು 125 ಕೆ.ಜಿ. ಉರಿಯಬೇಕು. ಇಷ್ಟನ್ನು ಒಳಗೆ ನೂಕಲು ಸುಮಾರು 580 ಅಶ್ವಶಕ್ತಿಯ ಟರ್ಬೈನ್ ಬೇಕಾಯಿತು. ನಮ್ಮ ಹೊಲದ ಐದು ಎಚ್.ಪಿ. ಪಂಪ್‌ಸೆಟ್ಟುಗಳನ್ನು ನೂರಕ್ಕೂ ಹೆಚ್ಚು ಒಟ್ಟಿಗೆ ಓಡಿಸಿದಷ್ಟು ಬಲ ಅದು! ಒಳಗೆ ಸುಮಾರು 2500 ಡಿಗ್ರಿ ಶಾಖ. ಕಬ್ಬಿಣವೇ ಕರಗುವ ಬಿಸಿಯಲ್ಲಿ ಕೊಳವೆ ಉಳಿಯುವುದು ಹೇಗೆ? ಗೋಡೆಯನ್ನು ಎರಡು ಪದರ ಮಾಡಿ, ನಡುವೆ ತಣ್ಣನೆಯ ಆಲ್ಕೋಹಾಲನ್ನು ಹರಿಸಿ ಆಮೇಲೆ ಉರಿಯಲು ಬಿಟ್ಟರು. ಇಂಧನವೇ ಎಂಜಿನ್ನನ್ನು ತಂಪು ಮಾಡುತ್ತಿತ್ತು. ಹೀಗೆ 25 ಟನ್ ನೂಕುಬಲ ಹುಟ್ಟಿ, ಸುಮಾರು 13 ಟನ್ ತೂಕದ ಕ್ಷಿಪಣಿ ಒಂದು ಟನ್ ಸಿಡಿತಲೆಯನ್ನು 320 ಕಿ.ಮೀ. ದೂರ ಒಯ್ಯುತ್ತಿತ್ತು.

ವಿಮಾನಗಳಿಗೂ ರಾಕೆಟ್ ಎಂಜಿನ್ ಹಾಕಿ ನೋಡಿದರು. ಜರ್ಮನಿಯ ಹೈಂಕೆಲ್ 176 ವಿಮಾನ 1939ರ ಜೂನ್‌ನಲ್ಲಿ ಹಾರಿತು. ಅನಂತರ ಬಂದ ಮೆಸ್ಸರ್‌ಶ್ಮಿಟ್ 163 'ಕೋಮೆಟ್' ಮಾದರಿ 1941ರ ಅಕ್ಟೋಬರ್ 2ರಂದು ಗಂಟೆಗೆ ಸಾವಿರ ಕಿಲೋಮೀಟರ್ ವೇಗ ದಾಟಿತು. ಆದರೆ ಅದರ ಇಂಧನ ಏಳೆಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಅದು ಗಾಳಿಪಟದಂತೆ ತೇಲಿಕೊಂಡು ಇಳಿಯಬೇಕು. ಒಂದಕ್ಕೊಂದು ತಾಗಿದರೆ ಹೊತ್ತಿಕೊಳ್ಳುವ ಎರಡು ರಾಸಾಯನಿಕಗಳ ನಡುವೆ ಚಾಲಕ ಕುಳಿತಿರುತ್ತಿದ್ದ. ಮುನ್ನೂರಕ್ಕೂ ಹೆಚ್ಚು ವಿಮಾನ ಕಟ್ಟಿದರೂ ಅವು ಉರುಳಿಸಿದ ಶತ್ರು ವಿಮಾನಗಳು ಇಪ್ಪತ್ತಕ್ಕಿಂತ ಕಡಿಮೆ. ರಷ್ಯಾದ ಬಿ.ಐ.-1 ರಾಕೆಟ್ ವಿಮಾನ 1942ರ ಮೇ 15ರಂದು ಹಾರಿತು. ಅದರ ಚಾಲಕ ಬಖ್ಚಿವಾಂಜಿ ಮರುವರ್ಷದ ಮಾರ್ಚ್‌ನಲ್ಲಿ ಅದೇ ಬಗೆಯ ವಿಮಾನದಲ್ಲಿ ಪ್ರಾಣ ಬಿಟ್ಟರು.

1941ರ ಜುಲೈನಲ್ಲಿ ರಷ್ಯನ್ನರು ಲಾರಿಗಳ ಮೇಲೆ ಸಾಲಾಗಿ ರಾಕೆಟ್ ಕಟ್ಟಿ ಒಮ್ಮೆಗೇ ಹಾರಿಸಿದ 'ಕತ್ಯೂಷಾ' ನೋಡಿದರೆ ಮೈಸೂರಿನ ಬಾಣಗಾರರು ನೆನಪಾಗುತ್ತಾರೆ. ಗುರಿಗಿಂತ ಸುರಿಮಳೆಯೇ ಅದರ ಬಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯ ಫಾನ್ ಕಾರ್ಮನ್ ಅವರ ತಂಡ, ಭಾರದ ವಿಮಾನಗಳು ಸಣ್ಣ ಓಡುದಾರಿಯಿಂದ ಏಳಲು ರೆಕ್ಕೆಯ ಕೆಳಗೆ ರಾಕೆಟ್ ಕಟ್ಟಿ 1941ರ ಆಗಸ್ಟ್‌ನಲ್ಲಿ ಯಶಸ್ವಿಯಾಯಿತು. ಮರುವರ್ಷ ಆ ತಂಡ ಕಂಡುಹಿಡಿದ ಇಂಧನದಲ್ಲಿ ಮುಖ್ಯ ವಸ್ತು ಏನು ಗೊತ್ತೇ? ರಸ್ತೆಗೆ ಹಾಕುವ ಡಾಂಬರು!

ಸುರಂಗದೊಳಗಿನ ಲೆಕ್ಕ

ಇಷ್ಟು ಓದಿ ಬೆರಗಾಗುವುದು ಸಹಜ. ಆದರೆ ಇನ್ನೊಂದು ಲೆಕ್ಕವನ್ನೂ ನೋಡದೆ ಮುಂದೆ ಹೋಗುವುದು ತಪ್ಪಾಗುತ್ತದೆ.

ವಿ-2 ಕ್ಷಿಪಣಿಗಳನ್ನು ಕಟ್ಟಿದ್ದು ನಾರ್ಡ್‌ಹೌಸೆನ್ ಬಳಿಯ ಗುಡ್ಡದೊಳಗಿನ ಸುರಂಗಗಳಲ್ಲಿ. ಕಟ್ಟಿದವರು ಡೋರಾ ಎಂಬ ಬಂಧನ ಶಿಬಿರದ ಕೈದಿಗಳು. ಸುಮಾರು 60,000 ಜನರನ್ನು ಅಲ್ಲಿಗೆ ತರಲಾಯಿತು, ಅವರಲ್ಲಿ ಸುಮಾರು 20,000 ಜನ ಹಸಿವು, ರೋಗ, ದುಡಿತ ಮತ್ತು ನೇಣಿನಿಂದ ಸತ್ತರು. 1944ರ ಸೆಪ್ಟೆಂಬರ್ 8ರಿಂದ ಲಂಡನ್, ಆಂಟ್‌ವರ್ಪ್ ಮುಂತಾದ ನಗರಗಳ ಮೇಲೆ ಮೂರು ಸಾವಿರಕ್ಕೂ ಹೆಚ್ಚು ವಿ-2ಗಳು ಬಿದ್ದವು. ಡಿಸೆಂಬರ್ 16ರಂದು ಆಂಟ್‌ವರ್ಪ್‌ನ ಒಂದೇ ಚಿತ್ರಮಂದಿರದಲ್ಲಿ 567 ಜನ ಸತ್ತರು. ಆದರೂ ಆ ಕ್ಷಿಪಣಿ ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುತ್ತ ಸತ್ತವರೇ ಹೆಚ್ಚೆಂದು ಇತಿಹಾಸಕಾರರು ಹೇಳುತ್ತಾರೆ.

ಇಲ್ಲಿಯೇ ಒಂದು ಹೆಸರನ್ನು ನೆನೆಯಬೇಕು. ವಿ-2 ಲಂಡನ್ ಮೇಲೆ ಬಿದ್ದ ಐದನೆಯ ದಿನ, 1944ರ ಸೆಪ್ಟೆಂಬರ್ 13ರಂದು, ಜರ್ಮನಿಯ ಡಾಖಾವ್ ಶಿಬಿರದಲ್ಲಿ ಒಬ್ಬ ತರುಣಿಯನ್ನು ಗುಂಡಿಟ್ಟು ಕೊಂದರು. ಆಕೆ ನೂರ್ ಇನಾಯತ್ ಖಾನ್. ತಂದೆಯ ತಾಯಿಯ ಕಡೆಯಿಂದ ಟಿಪ್ಪು ಸುಲ್ತಾನರ ವಂಶಕ್ಕೆ ಸೇರಿದವರು. ನಾಜಿಗಳ ವಿರುದ್ಧ ಪ್ಯಾರಿಸ್ಸಿನಲ್ಲಿ ಗುಪ್ತ ರೇಡಿಯೋ ನಡೆಸಿ, ಸಿಕ್ಕಿಬಿದ್ದು, ಹಿಂಸೆಯಲ್ಲಿಯೂ ಸಂಗಡಿಗರ ಹೆಸರು ಹೇಳದೆ ಪ್ರಾಣ ಕೊಟ್ಟರು. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಪದಕ ನೀಡಿತು. ಒಂದು ಕಡೆ ಅಪಾರ ಬುದ್ಧಿ ಇದ್ದೂ ಕಣ್ಣು ಮುಚ್ಚಿಕೊಂಡ ವಿಜ್ಞಾನಿಗಳು, ಇನ್ನೊಂದು ಕಡೆ ಒಂದು ರೇಡಿಯೋ ಪೆಟ್ಟಿಗೆ ಹಿಡಿದು ಅನ್ಯಾಯಕ್ಕೆ ಎದುರು ನಿಂತ ಹೆಣ್ಣುಮಗಳು. ವಿದ್ಯೆ ಎಷ್ಟಿದೆ ಎಂಬುದರ ಜೊತೆಗೆ ಅದು ಯಾರ ಪರ ನಿಂತಿದೆ ಎಂಬುದನ್ನೂ ನಾವು ಕೇಳಬೇಕಲ್ಲವೇ?

ಮರಳಿ ನಮ್ಮ ನಾಡಿಗೆ

ಯುದ್ಧ ಮುಗಿದ ಮೇಲೆ ಪೀನೆಮುಂಡೆಯ ತಂತ್ರಜ್ಞರನ್ನು ಗೆದ್ದ ದೇಶಗಳು ಹಂಚಿಕೊಂಡವು. ಫಾನ್ ಬ್ರೌನ್ ಅಮೆರಿಕಕ್ಕೆ ಹೋದ. ಕೆಲವರು ಫ್ರಾನ್ಸಿನ ವೆರ್ನಾನ್ ಊರಿಗೆ ಹೋದರು. ಆ ವಿದ್ಯೆ ನಮ್ಮಲ್ಲಿಗೆ ಮರಳಿದ್ದು ಹೇಗೆ?

ಯುದ್ಧದ ದಿನಗಳಲ್ಲಿಯೇ ಬೆಂಗಳೂರಿನಲ್ಲಿ ಎರಡು ಬೀಜ ಬಿದ್ದಿದ್ದವು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಕೂಡಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಶುರುವಾಯಿತು. ಫಾನ್ ಕಾರ್ಮನ್ ಬೆಳೆಸಿದ್ದ ಕ್ಯಾಲ್‌ಟೆಕ್‌ನಲ್ಲಿ ಓದಿದ ಸತೀಶ್ ಧವನ್ ಅವರು 1951ರಲ್ಲಿ ಈ ವಿಭಾಗಕ್ಕೆ ಬಂದರು. ಮುಂದೆ 1972ರಿಂದ 1984ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು.

ರಾಮೇಶ್ವರದ ಸಾಮಾನ್ಯ ಮನೆತನದ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಎಂಜಿನ್ ಬಿಚ್ಚಿ ಕೂಡಿಸುವುದನ್ನು ಕಲಿತದ್ದು ಇದೇ ಬೆಂಗಳೂರಿನ ಕಾರ್ಖಾನೆಯಲ್ಲಿ, ತರಬೇತಿಯ ಹುಡುಗನಾಗಿ. 1960ರ ದಶಕದ ಆರಂಭದಲ್ಲಿ ಅವರನ್ನು ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಕಳುಹಿಸಿದರು. ಅಲ್ಲಿ ಗೋಡೆಯ ಮೇಲೆ ಒಂದು ಚಿತ್ರ. ಯುದ್ಧಭೂಮಿ, ಹಾರುತ್ತಿರುವ ರಾಕೆಟ್ಟುಗಳು. ಆದರೆ ಹಾರಿಸುತ್ತಿದ್ದ ಸೈನಿಕರು ಬಿಳಿಯರಲ್ಲ, ನಮ್ಮ ಬಣ್ಣದವರು. ಹತ್ತಿರ ಹೋಗಿ ನೋಡಿದರೆ ಅದು ಟಿಪ್ಪು ಸುಲ್ತಾನರ ಸೈನ್ಯ! ತಮ್ಮ ದೇಶದಲ್ಲಿ ಮರೆತದ್ದನ್ನು ದೂರದ ನಾಡಿನವರು ನೆನಪಿಟ್ಟುಕೊಂಡಿದ್ದಾರೆಂಬ ಆ ಅನುಭವವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1980ರ ಜುಲೈ 18ರಂದು ಅವರ ತಂಡದ ಎಸ್.ಎಲ್.ವಿ.-3 ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ದೊಡ್ಡ ದ್ರವ ಎಂಜಿನ್ನಿನ ಕಥೆ ಇನ್ನೂ ಸ್ವಾರಸ್ಯಕರ. 1974ರಲ್ಲಿ ಇಸ್ರೋ ಫ್ರಾನ್ಸಿನ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೊಡಲು ಹಣ ಇರಲಿಲ್ಲ, ಬದಲಿಗೆ ದುಡಿಮೆ ಕೊಟ್ಟರು. ಒಬ್ಬ ಇಂಜಿನಿಯರ್ ಒಂದು ವರ್ಷ ದುಡಿದರೆ ಒಂದು ಎಂದು ಲೆಕ್ಕ ಹಿಡಿದು ಅಂತಹ ನೂರು ವರ್ಷಗಳ ಕೆಲಸ. ನಮ್ಮವರು ವೆರ್ನಾನ್‌ಗೆ ಹೋಗಿ 'ವೈಕಿಂಗ್' ಎಂಜಿನ್ ಮೇಲೆ ದುಡಿದು ಕಲಿತರು. ಆ ಎಂಜಿನ್ ರೂಪಿಸಿದ ಕಾರ್ಲ್-ಹೈಂಜ್ ಬ್ರಿಂಗರ್ ಯುದ್ಧಕಾಲದಲ್ಲಿ ಪೀನೆಮುಂಡೆಯಲ್ಲಿ ಇದ್ದವರು. ಅಲ್ಲಿಂದ ತಂದ ವಿದ್ಯೆಯಿಂದ ನಮ್ಮ 'ವಿಕಾಸ್' ಎಂಜಿನ್ ಹುಟ್ಟಿತು. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತ ರಾಕೆಟ್ಟಿನಲ್ಲಿ ಎರಡು ವಿಕಾಸ್ ಎಂಜಿನ್‌ಗಳಿದ್ದವು. ಆಗಸ್ಟ್ 23ರಂದು ನೌಕೆ ಚಂದ್ರನ ಮೇಲೆ ಇಳಿದಾಗ ಇಡೀ ಜಗತ್ತು ನೋಡಿದ್ದು ಬೆಂಗಳೂರಿನ ಕೇಂದ್ರವನ್ನು. 1786ರಲ್ಲಿ ಫ್ರೆಂಚರು ಬಂದು ಕೊಪ್ಪಳದ ಕೋಟೆ ಕಟ್ಟಿಕೊಟ್ಟು ಹೋದರು. 1974ರಲ್ಲಿ ನಮ್ಮವರೇ ಅವರ ನಾಡಿಗೆ ಹೋಗಿ ಕಲಿತು ಬಂದರು. ಕಟ್ಟಿಸಿಕೊಂಡ ಕೋಟೆ ಇಂದು ನೋಡುವ ಸ್ಥಳವಾಗಿದೆ, ಕಲಿತು ಬಂದ ವಿದ್ಯೆ ಇಂದಿಗೂ ಬೆಳೆಯುತ್ತಿದೆ.

ಕಲಾಂ ಅವರ ಇನ್ನೊಂದು ಕೆಲಸವನ್ನೂ ಹೇಳಲೇಬೇಕು. ಅಗ್ನಿ ಕ್ಷಿಪಣಿಗಾಗಿ ತಯಾರಿಸಿದ ಹಗುರ ವಸ್ತುವಿನಿಂದ, ಪೋಲಿಯೋ ಪೀಡಿತ ಮಕ್ಕಳ ಕಾಲಿಗೆ ಕಟ್ಟುವ ಆಧಾರವನ್ನು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ವೈದ್ಯರ ಜೊತೆ ಸೇರಿ ಮಾಡಿಸಿದರು. ಮೂರು ಕೆ.ಜಿ.ಗೂ ಮೀರಿದ ಲೋಹದ ಭಾರ ಸುಮಾರು 300 ಗ್ರಾಮಿಗೆ ಇಳಿಯಿತು. ಕಾಲೆಳೆಯುತ್ತಿದ್ದ ಮಕ್ಕಳು ಹಗುರವಾಗಿ ನಡೆದಾಡಿದರು. ಡೋರಾದ ಸುರಂಗದ ಪಕ್ಕದಲ್ಲಿ ಈ ಮಕ್ಕಳನ್ನು ನಿಲ್ಲಿಸಿ ನೋಡಿ. ಎರಡೂ ರಾಕೆಟ್ ವಿದ್ಯೆಯ ಫಲಗಳೇ.

ಬಾವಿಯಲ್ಲಿ ಉಳಿದದ್ದು

ಕೊನೆಯದಾಗಿ ಒಂದು ಸಂಗತಿ. ಟಿಪ್ಪು ಸುಲ್ತಾನರ ಕಾಲದ ಬಿದನೂರು ಇಂದಿನ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರ ಗ್ರಾಮ. ಅಲ್ಲಿನ ಪಾಳುಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಬಾಣಗಳೆಂದು ಗೊತ್ತಾಗಲು ವರ್ಷಗಳೇ ಹಿಡಿದವು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುವುದನ್ನು ಕಂಡು 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇನ್ನೂ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಎರಡು ಶತಮಾನ ಅವು ನಮ್ಮ ನೆಲದಲ್ಲಿಯೇ, ಮಣ್ಣಿನ ಕೆಳಗೆ ಮಲಗಿದ್ದವು. ಇತ್ತ ವೂಲ್‌ವಿಚ್‌ಗೆ ಹೋದ ಬಾಣಗಳ ಬಗ್ಗೆ ನಮ್ಮವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬೆಂಗಳೂರಿನಿಂದ ಪ್ರಬಂಧ ಬರೆದು ಮೈಸೂರಿನ ಕಸುಬುದಾರರಿಗೆ ವಿಜ್ಞಾನದ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನವನ್ನು ವಿವರಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಕಬ್ಬಿಣ ಯುಗದ ಜನರು ನಿಲ್ಲಿಸಿದ ನೂರಾರು ಕಲ್ಲಿನ ಸಮಾಧಿಗಳಿವೆ. ಗಿಣಿಗೇರಿಯ ಸುತ್ತ ಇಂದು ಕಬ್ಬಿಣದ ಕಾರ್ಖಾನೆಗಳಿವೆ. ಈ ನೆಲಕ್ಕೂ ಕಬ್ಬಿಣಕ್ಕೂ ಹಳೆಯ ನಂಟು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ವೆಲ್ಡಿಂಗ್ ಮಾಡುವ ಅಪ್ಪ, ಎಂಜಿನ್ ರಿಪೇರಿ ಮಾಡುವ ಕಾಕಾ, ಹೊಲಿಗೆಯಲ್ಲಿ ಯಾರೂ ಸರಿಗಟ್ಟದ ಅಮ್ಮ ಇದ್ದಾರೆ. ಅವರ ಕೈಯಲ್ಲಿರುವುದೂ ವಿದ್ಯೆಯೇ. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಅದು ಹೇಗೆ, ಏಕೆ ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಅಳತೆ ಸಮೇತ ಬರೆದಿಡಿ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಅದಕ್ಕೆ ಹಚ್ಚಿ ನೋಡಿ. ನಿಮಗೆ ತಿಳಿದದ್ದನ್ನು ತಮ್ಮನಿಗೆ, ತಂಗಿಗೆ ಹೇಳಿಕೊಡಿ.

ಮುಂದಿನ ಸಲ ಕೊಪ್ಪಳದ ಕೋಟೆ ಹತ್ತಿದಾಗ ಆ ನೋಟ್‌ಬುಕ್ಕು ಕೈಯಲ್ಲಿರಲಿ. ಗೋಡೆಯನ್ನು ನೋಡಿ ಬರುವುದರ ಜೊತೆಗೆ ಅಳೆದುಕೊಂಡು ಬನ್ನಿ. ಬರೆದಿಡದ ವಿದ್ಯೆ ಬಾವಿಯಲ್ಲಿ ಬಿದ್ದ ಬಾಣದಂತೆ. ಅದನ್ನು ಮತ್ತೆ ಬಾವಿಗೆ ಬೀಳಲು ಬಿಡಬಾರದು ಎಂಬುದಷ್ಟೇ ಈ ಲೇಖನದ ಆಶಯ.